ಕುದಿಯದ ಅಸಿಟೋನು

ನೆಲಮಂಗಲದ ಒಂದು ಪಿಯು ಕಾಲೇಜಿನಲ್ಲಿ ಹದಿನಾರು ವರ್ಷದಿಂದ ರಸಾಯನಶಾಸ್ತ್ರ ಹೇಳುತ್ತಿದ್ದ ಚಿನ್ನಸ್ವಾಮಿ ಮೇಷ್ಟ್ರ ಹೊಟ್ಟೆಗೆ ಅಂದು ಬೆಳಿಗ್ಗೆ ಕಿಚ್ಚು ಹಚ್ಚಿದವನು ಅಟೆಂಡರ್ ಪಾಪಯ್ಯ.

"ಏನೇ ಹೇಳಿ ಸಾರ್, ಹೊಸ ಮೇಡಮ್ಮು ಪಾಠ ಮಾಡಿದ್ರೆ ನನ್ ತಲೆಗೂ ಹತ್ತುತ್ತೆ" ಎನ್ನುತ್ತ ಟೀ ಇಟ್ಟ.

ಮೇಷ್ಟ್ರ ಪಾಠದ ಹೊತ್ತಿನಲ್ಲಿ ಬಾಗಿಲಿಗೊರಗಿ ಗೊರಕೆ ಹೊಡೆಯುತ್ತಿದ್ದ ಆಸಾಮಿ ಇವನು! ಟೀ ಬೇವಿನ ಕಷಾಯದಂತೆ ಗಂಟಲಲ್ಲಿಳಿಯಿತು.

ಹೊಸ ಮೇಡಂ ನವ್ಯಶ್ರೀ ಬಂದು ಮೂರು ತಿಂಗಳೂ ಆಗಿರಲಿಲ್ಲ. ಮಧ್ಯಾಹ್ನ ತಪಾಸಣೆಗೆ ಬರುವ ಉಪನಿರ್ದೇಶಕರ ಮುಂದೆ ಪ್ರಯೋಗ ತೋರಿಸುವ ಅವಕಾಶವೂ ಅವರಿಗೇ. ಬಿಸಿನೀರಿನ ಪಾತ್ರೆಯಲ್ಲಿ ಎರಡು ಪ್ರನಾಳ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಅಸಿಟೋನು. ಅಸಿಟೋನು ಗುಳುಗುಳು ಕುದಿಯುತ್ತದೆ, ನೀರು ತೆಪ್ಪಗಿರುತ್ತದೆ. ಅಷ್ಟೇ.

"ಇದ್ಯಾವ ಮಹಾ!" ಎಂದುಕೊಂಡ ಮೇಷ್ಟ್ರು ಊಟದ ಬಿಡುವಿನಲ್ಲಿ ಕಳ್ಳಬೆಕ್ಕಿನಂತೆ ಪ್ರಯೋಗಾಲಯಕ್ಕೆ ನುಸುಳಿ, ಅಸಿಟೋನನ್ನು ಸಿಂಕಿಗೆ ಸುರಿದು ಆ ಬಾಟಲಿಗೆ ನಲ್ಲಿನೀರು ತುಂಬಿಟ್ಟರು.

ಮೂರು ಗಂಟೆಗೆ ಉಪನಿರ್ದೇಶಕರು ಬಂದು ಕೂತರು. ಪ್ರನಾಳಗಳು ಬಿಸಿನೀರಿಗಿಳಿದವು. ಒಂದು ನಿಮಿಷವಾಯಿತು, ಎರಡಾಯಿತು. ಯಾವುದೂ ಕುದಿಯಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಮೇಷ್ಟ್ರಿಗೆ ತುಪ್ಪ ಹಾಕಿ ಹೋಳಿಗೆ ತಿಂದಷ್ಟು ಸುಖವಾಯಿತು.

ನವ್ಯಶ್ರೀ ಪ್ರನಾಳ ಮೂಸಿದರು. ಅಸಿಟೋನಿನ ವಾಸನೆಯೇ ಇರಲಿಲ್ಲ. ಆದರೂ ಸಾವರಿಸಿಕೊಂಡು ಮಕ್ಕಳತ್ತ ತಿರುಗಿದರು. "ಯಾಕೆ ಕುದೀಲಿಲ್ಲ? ಯಾರಾದ್ರೂ ಹೇಳ್ರಪ್ಪ."

ಸಿಂಚನ ಎಂಬ ಹುಡುಗಿ ಎದ್ದಳು. "ಅದು ಅಸಿಟೋನೇ ಅಲ್ಲ ಮೇಡಂ! ಅಸಿಟೋನ್ ಅಣು ನೀರಿನ ಅಣುಗಿಂತ ಮೂರು ಪಟ್ಟು ತೂಕ ಇದ್ರೂ ಒಂದನ್ನೊಂದು ಅಷ್ಟು ಗಟ್ಟಿಯಾಗಿ ಹಿಡ್ಕೊಳ್ಳಲ್ಲ. ಐವತ್ತಾರು ಡಿಗ್ರಿಗೇ ಬಿಟ್ಟು ಓಡೋಗ್ತವೆ. ನೀರಿನ ಅಣುಗಳ ಮಧ್ಯೆ ಹೈಡ್ರೋಜನ್ ಬಂಧ ಇದ್ಯಲ್ಲ, ನೂರು ಡಿಗ್ರಿವರೆಗೂ ಕೈ ಬಿಡಲ್ಲ. ಎರಡ್ರಲ್ಲೂ ನೀರೇ ಇರೋದು!"

ಉಪನಿರ್ದೇಶಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಬಾಟಲಿ ಮೇಲಿನ ಚೀಟಿ ನಂಬದೆ ಯೋಚನೆ ಮಾಡೋದು ಕಲಿಸಿದೀರಲ್ಲಮ್ಮ! ಎಂಥಾ ಉಪಾಯ!"

"ನಂಗೇ ಗೊತ್ತಿರಲಿಲ್ಲ ಸಾರ್..." ನವ್ಯಶ್ರೀ ತೊದಲಿದರು.

"ನಂಗೊತ್ತು!" ಬಾಗಿಲಿನಿಂದ ಪಾಪಯ್ಯ ಕೂಗಿದ. "ನೀರು ತುಂಬಿದ್ದು ನಮ್ ಚಿನ್ನಸ್ವಾಮಿ ಸಾರು. ಕಿಟಕೀಲಿ ನೋಡ್ದೆ."

ಮೇಷ್ಟ್ರು ಬೆಂಚಿನಿಂದ ಮೆಲ್ಲಗೆ ಜಾರಿಕೊಳ್ಳಲು ಎದ್ದರು. ಉಪನಿರ್ದೇಶಕರು ನೇರ ಬಂದವರೇ ಕೈ ಹಿಡಿದು ಕುಲುಕಿದರು. "ಸೀನಿಯರ್ ಅಂದ್ರೆ ಹೀಗಿರ್ಬೇಕು ಕಣ್ರೀ! ಇಷ್ಟೆಲ್ಲ ಮಾಡಿ ಹಿಂದೆ ಹೋಗಿ ಕೂತಿದೀರಲ್ಲ!"

ಮೇಷ್ಟ್ರ ಎದೆ ಪೂರಿಯಂತೆ ಉಬ್ಬಿತು. "ಏನೋ ಸಾರ್, ಕೈಲಾದದ್ದು" ಎಂದರು.

"ಇದನ್ನ ಜಿಲ್ಲೆಯ ಎಲ್ಲ ಕಾಲೇಜಲ್ಲೂ ಮಾಡಿಸ್ತೀನಿ. ಸೋಮವಾರ ದಾಬಸ್‌ಪೇಟೆಯಿಂದ ಶುರು. ಪಾಠ ಮೇಡಂ ಮಾಡ್ಲಿ" ಎನ್ನುತ್ತ ಉಪನಿರ್ದೇಶಕರು ಮೇಷ್ಟ್ರ ಭುಜ ತಟ್ಟಿದರು. "ನೀವು ಜೊತೇಲಿ ಹೋಗಿ, ಬಾಟಲಿಗೆ ನೀರು ತುಂಬಿ ಕೊಡಿ."