ವರ್ನಲ್ ಸ್ಕೀಟನ ಹೊಳೆಯುವ ಚಕ್ರಗಳು

ಹೆಂಡತಿಯನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೊರಡಬೇಕಾಗಿದ್ದ ದಿನ, ಬೆಳಗಿನ ಚಹಾ ಮುಗಿಸಿ, ವರ್ನಲ್ ಸ್ಕೀಟ್ ಕಾರಿನ ಕೀಲಿ ತಿರುಗಿಸಿದ. ಎಂಜಿನ್ನು ಕೆಮ್ಮಿತು, ಸೀನಿತು, ಕೊನೆಗೆ ಗುರ್ರೆಂದಿತು. ಗೇರು ಹಾಕಿದ. ಕಾರು ಮೂಗನ್ನಷ್ಟೇ ಮೇಲೆತ್ತಿ, ಹಟ ಹಿಡಿದ ಕತ್ತೆಯ ಹಾಗೆ ಹಿಂಗಾಲು ಊರಿ ನಿಂತುಬಿಟ್ಟಿತು.

ಇಳಿದು ಬಗ್ಗಿ ನೋಡಿದ. ನಾಲ್ಕು ಚಕ್ರಗಳ ಒಳಗೂ ಅರಿಶಿನ ಕುಂಕುಮ ಕಲಸಿ ಬಳಿದ ಹಾಗೆ ತುಕ್ಕು.

ದ್ವೀಪದ ಕಡಲಂಚಿನ ನಮ್ಮೂರು ಬಾತ್‌ಶೀಬಾದಲ್ಲಿ ಇದೇನೂ ಹೊಸದಲ್ಲ. ಇಲ್ಲಿ ಅಟ್ಲಾಂಟಿಕ್ ಸಮುದ್ರ ಬಂಡೆಗೆ ಬಡಿದು ಎದ್ದ ಉಪ್ಪುನೀರನ್ನು ಗಾಳಿ ನೇರ ಮನೆಯೊಳಗೇ ತಂದು ಸುರಿಯುತ್ತದೆ. ಬೀಗ, ಚಿಲಕ, ಹೊಲಿಗೆ ಯಂತ್ರ, ಯಾವುದನ್ನೂ ಬಿಡದೆ ನೆಕ್ಕಿ ನೆಕ್ಕಿ ಕೆಂಪು ಪುಡಿ ಮಾಡುತ್ತದೆ. ಅದಕ್ಕೇ ಯೂಡೀನ್, ಕಾಲು ಮುರಿದುಕೊಂಡ ತಂಗಿಯನ್ನು ನೋಡಿಕೊಳ್ಳಲು ಪಕ್ಕದ ದ್ವೀಪ ಸೇಂಟ್ ವಿನ್ಸೆಂಟಿಗೆ ಹೊರಟಾಗ, ಗಂಡನಿಗೆ ಒಂದೊಂದೇ ಬೆರಳು ಮಡಚಿ ಹೇಳಿದ್ದಳು: "ದಿನಾ ಕಾರು ಒಂಚೂರು ಓಡ್ಸು. ನಿಲ್ಸೋವಾಗ ಹ್ಯಾಂಡ್‌ಬ್ರೇಕ್ ಎಳೀಬೇಡ, ಕಚ್ಕೊಂಡ್‌ಬಿಡತ್ತೆ. ಭಾನುವಾರ ಭಾನುವಾರ ಅಮ್ಮನ ಮನೆಗೆ ಹೋಗಿ ಮೀನು ಕೊಟ್ಟು, ಮಾತಾಡ್ಸಿ ಬಾ."

ವರ್ನಲ್ ಹ್ಯಾಂಡ್‌ಬ್ರೇಕ್ ಬಲವಾಗಿ ಎಳೆದು, ಜಗಲಿಯ ಜೋಲಿಯಲ್ಲಿ ಮಲಗಿ, ರೇಡಿಯೋದಲ್ಲಿ ಕ್ರಿಕೆಟ್ ಕೇಳಿದ. ಅತ್ತೆಯ ಮನೆ ಇರುವುದು ಬೆಲ್ಲೆಪ್ಲೇನಿನಲ್ಲಿ. ದೂರವೇನಲ್ಲ. ಆದರೆ ಮಿಸೆಸ್ ಟ್ರಾಟ್‌ಮನ್ ಅಳಿಯನನ್ನು ನೋಡುವ ರೀತಿ, ಮೀನು ಮಾರುವವಳು ನಿನ್ನೆಯ ಮೀನು ನೋಡುವ ರೀತಿಯದು. ಹಾಗಾಗಿ ವಾರ ವಾರವೂ ಫೋನಿನಲ್ಲಿ, "ಹೋಗಿದ್ದೆ ಕಣೇ, ಅಮ್ಮ ಗಟ್ಟಿಮುಟ್ಟಾಗಿದಾರೆ" ಎಂದುಬಿಡುತ್ತಿದ್ದ. ಯೂಡೀನ್ "ಗೊತ್ತು ಬಿಡು" ಎನ್ನುತ್ತಿದ್ದಳು. ಇಷ್ಟು ಸುಲಭವಾಗಿ ನಂಬುತ್ತಾಳಲ್ಲ ಎಂದು ಅವನಿಗೆ ಖುಷಿಯೇ ಆಗುತ್ತಿತ್ತು.

ಈಗ ಖುಷಿ ಇಳಿದು ಬೆವರು ಬಂತು. ಬಸ್ಸಿನಲ್ಲಿ ಹೋಗೋಣವೆಂದರೆ, ಯೂಡೀನ್ ಸಕ್ಕರೆ ಕಾರ್ಖಾನೆಯ ಫಿಟ್ಟರನ ಮಗಳು. ಮನೆಗೆ ಬಂದು ಚಕ್ರದ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು, ಒಂದು ಭಾನುವಾರವೂ ಕಾರು ಕದಲಿಲ್ಲ ಎಂಬುದು ಗೊತ್ತಾಗಿಬಿಡುತ್ತದೆ.

"ಹ್ಯಾಂಡ್‌ಬ್ರೇಕ್ ಎಳ್ದಿದ್ಯಾ?" ಎಂದು ಬೇಲಿಯ ಆಚೆಯಿಂದ ಒಂದು ತಲೆ ಕೇಳಿತು. ಗ್ರ್ಯಾಂಟ್ಲಿ ಬಾಯ್ಸ್; ಬಸ್ಸು ಓಡಿಸಿ ನಿವೃತ್ತನಾದವನು. ಯಾರ ಮನೆಯಲ್ಲಿ ಎಂಜಿನ್ ಸದ್ದಾದರೂ ಹಾಜರು.

"ಸ್ವಲ್ಪ."

"ಸ್ವಲ್ಪ ಎಳೆಯೋಕೆ ಅದೇನು ನಶ್ಯಾನಾ? ಬಾತ್‌ಶೀಬಾದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಬಿಡೋದೂ ಒಂದೇ, ಸಿಮೆಂಟ್ ಹಾಕಿ ಕಟ್ಟೋದೂ ಒಂದೇ. ಚಕ್ರ ಬಿಚ್ಚು."

ಜ್ಯಾಕಿನಿಂದ ಕಾರೆತ್ತಿ ನಟ್ಟು ಬಿಚ್ಚಿದ್ದಾಯಿತು, ಚಕ್ರ ಬರಲಿಲ್ಲ. ತುಕ್ಕು ಅದನ್ನು ನಡುವಿನ ಗುಂಬಕ್ಕೆ, ಅಂದರೆ ಹಬ್ಬಿಗೆ, ಬೆಸುಗೆ ಹಾಕಿದಂತೆ ಹಿಡಿದುಕೊಂಡಿತ್ತು. ವರ್ನಲ್ ಎಳೆದ, ಜಗ್ಗಿದ, ಬೇಡಿಕೊಂಡ.

"ಕಾರು ಜ್ಯಾಕಿನ ಮೇಲಿದೆ, ನೋಡ್ಕೊಂಡು. ಟೈರಿನ ಪಕ್ಕಕ್ಕೆ ಒದಿ. ಒಂದ್ಸಲ ಈ ಕಡೆ, ಒಂದ್ಸಲ ಆ ಕಡೆ," ಎಂದ ಬಾಯ್ಸ್, ಬೇಲಿಗೆ ಆರಾಮಾಗಿ ಒರಗಿ.

ವರ್ನಲ್ ಒದ್ದ. ಅತ್ತೆಯನ್ನು ನೆನೆದು ಇನ್ನೊಂದು ಒದ್ದ. ಟಣ್ಣೆಂದು ಚಕ್ರ ಕಳಚಿತು, ಅವನು ಕುಂಡೆ ಊರಿ ಕೂತ. ಚಕ್ರ ಕೂರಲಿಲ್ಲ. ನಮ್ಮೂರಿನಲ್ಲಿ ಎಲ್ಲವೂ ಸಮುದ್ರದ ಕಡೆಗೇ ಇಳಿಜಾರು. ಚಕ್ರ ಅಂಗಳ ದಾಟಿ, ರಸ್ತೆ ದಾಟಿ, ಪಕ್ಕದ ಮನೆಯ ಅಯೋನ್ ಇಯರ್‌ವುಡ್‌ಳ ಕೋಳಿಗಳ ನಡುವೆ ದೊರೆಯಂತೆ ಹಾದು, ಕೆಳಗೆ ಅಲೆಯ ನೊರೆಯೊಳಗೆ ಮುಳುಗಿತು.

ಅದನ್ನು ಎತ್ತಿ ತರಲು ವರ್ನಲ್ ಮಂಡಿಯುದ್ದ ನೀರಿಗಿಳಿದು, ಒಂದು ಚಪ್ಪಲಿ ಸಮುದ್ರಕ್ಕೆ ಕೊಟ್ಟು, ಏದುಸಿರು ಬಿಡುತ್ತ ಗುಡ್ಡ ಹತ್ತಿ ಬರುವಷ್ಟರಲ್ಲಿ ಅಂಗಳದಲ್ಲಿ ಸಭೆಯೇ ಸೇರಿತ್ತು. ಕೋಳಿಗಳ ಪರವಾಗಿ ಜಗಳಕ್ಕೆ ಬಂದ ಅಯೋನ್ ತುಕ್ಕು ನೋಡಿ ಜಗಳ ಮರೆತಿದ್ದಳು.

"ಇದಕ್ಕೆ ವಿನೆಗರ್ ಬಿಟ್ರೆ ಬೇರೆ ಮದ್ದಿಲ್ಲ. ನೆನೆಸ್ಬೇಕು, ಉಜ್ಜಬೇಕು. ನಾನಿರೋವಾಗ ನಿಂಗೇನು ಯೋಚ್ನೆ?" ಎಂದು ಮನೆಗೋಡಿ ಒಂದು ದೊಡ್ಡ ಬಾಟಲಿ ತಂದು ಹಬ್ಬಿನ ಮೇಲೆ ಧಾರಾಳವಾಗಿ ಸುರಿದಳು. ಅವಳು ಮೆಣಸಿನಕಾಯಿ ಸಾಸು ಮಾಡಿ ಸಂತೆಯಲ್ಲಿ ಮಾರುವವಳು. ಬಾಟಲಿಯಲ್ಲಿದ್ದದ್ದು ಮೆಣಸಿನಕಾಯಿ ನೆನೆಸಿದ್ದ ವಿನೆಗರ್. ತಂತಿ ಬ್ರಷ್ಷಿನಿಂದ ಒಂದೇ ಸಲ ಉಜ್ಜಿದ್ದು. ಸಿಡಿದ ಹನಿ ಕಣ್ಣಿಗೆ ಬಿದ್ದು ವರ್ನಲ್ ಅಂಗಳದ ತುಂಬ ಕುಣಿದ.

"ಉರೀತಿದೆ ಅಂದ್ರೆ ಕೆಲ್ಸ ಮಾಡ್ತಿದೆ ಅಂತ ಅರ್ಥ," ಎಂದಳು ಅಯೋನ್.

"ಉರೀತಿರೋದು ತುಕ್ಕಲ್ಲಮ್ಮ, ಮನುಷ್ಯ!" ಎಂದ ಬಾಯ್ಸ್.

ಆದರೂ ತುಕ್ಕು ಬಿಟ್ಟದ್ದು ನಿಜ. ಉಜ್ಜಿದಂತೆ ಹಬ್ಬಿನ ಮುಖ ಬೂದುಬಣ್ಣಕ್ಕೆ ತಿರುಗಿತು. ಬಾಯ್ಸ್ ಸುತ್ತಿಗೆಯಿಂದ ಬ್ರೇಕಿಗೆ ಮೆಲ್ಲನೆ ತಟ್ಟಿ, ಚಕ್ರದ ಜೊತೆ ತಿರುಗುವ ತಟ್ಟೆಗೆ ಕಚ್ಚಿಕೊಂಡಿದ್ದ ಪ್ಯಾಡುಗಳನ್ನು ಬಿಡಿಸಿದ. "ಇನ್ನು ಹಬ್ಬು ಚಕ್ರ ಸೇರೋ ಜಾಗಕ್ಕೆ ಮಾತ್ರ ತೆಳ್ಳಗೆ ಗ್ರೀಸು ಹಚ್ಚು. ಮತ್ತೆ ಕಚ್ಚಲ್ಲ. ಬ್ರೇಕಿನ ತಟ್ಟೆಗೆ ಒಂದು ಹನೀನೂ ತಾಗಬಾರ್ದು."

ಒಂದು ಚಕ್ರ ಮುಗಿಯಿತು. ಅಯೋನ್ ಎರಡು ಹೆಜ್ಜೆ ಹಿಂದೆ ಹೋಗಿ, ತಲೆ ವಾಲಿಸಿ ನೋಡಿದಳು. "ಒಂದೇ ಹೊಳೀತಿದೆ. ಒಂದು ಬಂಗಾರದ ಹಲ್ಲು ಕಟ್ಟಿಸ್ಕೊಂಡ ಮುದುಕನ ಥರ ಕಾಣ್ತಿದೆ. ನಾಲ್ಕೂ ಮಾಡು. ಬೇಲಿಗೆ ಬಳಿದು ಉಳಿದಿರೋ ಬೆಳ್ಳಿ ಬಣ್ಣ ಇದೆ, ಅದನ್ನೂ ತರ್ತೀನಿ."

ಬಿಸಿಲು ಏರಿತು. ನಾಲ್ಕನ್ನೂ ಉಜ್ಜಿ, ಬೆಳ್ಳಿ ಬಣ್ಣ ಬಳಿದು ಮುಗಿಸುವ ಹೊತ್ತಿಗೆ ವರ್ನಲ್‌ನ ಅಂಗೈ ಚರ್ಮ ಸುಲಿದಿತ್ತು, ಕಣ್ಣು ಟೊಮೇಟೊ ಹಣ್ಣಾಗಿತ್ತು. ಆದರೆ ಚಕ್ರಗಳು? ನೋಡಿದವರು ಮುಖ ನೋಡಿಕೊಳ್ಳಬಹುದಿತ್ತು. ಅವನು ಕೈ ತೊಳೆದು ಒಳ್ಳೆಯ ಅಂಗಿ ಹಾಕಿಕೊಳ್ಳಲು ಒಳಗೆ ಹೋದ. ಬಾಯ್ಸ್ ಊಟಕ್ಕೆ ಹೋದ. ಅಲ್ಲೇ ತಪ್ಪಾದದ್ದು.

ಆ ಹೊತ್ತಿಗೆ ದೋಣಿಯಿಂದ ಬಂದ ಮೀನುಗಾರ ಚೆಸ್ಟರ್, ಕಾರು ನೋಡಿ ನಿಂತ. ಚೆಸ್ಟರ್‌ಗೆ ಲೋಕದಲ್ಲಿ ಗೊತ್ತಿರುವುದು ಒಂದೇ ಔಷಧಿ: ಶಾರ್ಕ್ ಎಣ್ಣೆ. ನೆಗಡಿಗೂ ಅದೇ, ಮೊಣಕಾಲಿಗೂ ಅದೇ, ದೋಣಿಯ ಮೊಳೆಗೂ ಅದೇ. ನೆರೆಯವನಿಗೆ ಉಪಕಾರವಾಗಲಿ ಎಂದು ಡಬ್ಬಿಯ ಎಣ್ಣೆಯನ್ನೆಲ್ಲ ನಾಲ್ಕೂ ಚಕ್ರಗಳ ಸಂದಿಯಲ್ಲಿ, ಬ್ರೇಕಿನ ತಟ್ಟೆಯ ಮೇಲೂ ಬಿಡದೆ, ಭಕ್ತಿಯಿಂದ ಸುರಿದು, ಹೇಳದೆ ಹೋದ.

ವರ್ನಲ್ ಕಾರು ಹೊರಡಿಸಿದ. ಅಹಾ, ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು! ಇಳಿಜಾರಿನ ತಿರುವಿನಲ್ಲಿ ಬ್ರೇಕು ಒತ್ತಿದ. ಬೆಣ್ಣೆಯ ಮೇಲೆ ಜಾರಿದ ಹಾಗೆಯೇ ಹೋಗುತ್ತಲೇ ಇತ್ತು. ಕಾಲಲ್ಲಿ ಒತ್ತಿದ, ಹ್ಯಾಂಡ್‌ಬ್ರೇಕು ಎಳೆದ, "ನಿಲ್ಲಮ್ಮ ತಾಯಿ!" ಎಂದು ಕೂಗಿದ. ಕಾರು ತಿರುವನ್ನು ಅದರ ಪಾಡಿಗೆ ಬಿಟ್ಟು ನೇರ ಕಬ್ಬಿನ ಗದ್ದೆಗೆ ನುಗ್ಗಿ, ಎತ್ತರದ ಕಬ್ಬಿನ ನಡುವೆ ಮಾಯವಾಯಿತು.

ಅವನು ಎಲ್ಲಿದ್ದಾನೆಂದು ಊರವರಿಗೆ ತೋರಿಸಿದ್ದು ಬೆಕ್ಕುಗಳು. ಶಾರ್ಕ್ ಎಣ್ಣೆಯ ವಾಸನೆ ಹಿಡಿದು ಬಾತ್‌ಶೀಬಾದ ಬೆಕ್ಕುಗಳೆಲ್ಲ ಬಾಲ ನಿಗುರಿಸಿ ಮೆರವಣಿಗೆ ಹೊರಟಿದ್ದವು. ಬಾಯ್ಸ್ ಅವುಗಳ ಹಿಂದೆಯೇ ಬಂದು ನೋಡಿದರೆ, ವರ್ನಲ್ ಸ್ಟೇರಿಂಗು ತಬ್ಬಿಕೊಂಡು ಕೂತಿದ್ದ. ಒಂದೊಂದು ಚಕ್ರವನ್ನೂ ಒಂದೊಂದು ಬೆಕ್ಕಿನ ಸಂಸಾರ ನೆಕ್ಕುತ್ತಿತ್ತು.

"ಎಷ್ಟೊತ್ತಿಗೆ ವಿಮಾನ?"

"ಬಂದಿರತ್ತೆ," ಎಂದ ವರ್ನಲ್, ಅಳುವ ದನಿಯಲ್ಲಿ.

ಊರವರು ಕಾರನ್ನು ರಸ್ತೆಗೆ ತಳ್ಳಿದರು. ಮತ್ತೆ ನಾಲ್ಕೂ ಚಕ್ರ ಬಿಚ್ಚಿ, ಸ್ಪಿರಿಟ್ ಹಾಕಿ ತಟ್ಟೆಗಳನ್ನೂ ಪ್ಯಾಡುಗಳನ್ನೂ ತೊಳೆದು, ಮರಳುಕಾಗದದಿಂದ ತಿಕ್ಕಿ, ಬಾಯ್ಸ್ ತಾನೇ ಹತ್ತಾರು ಸಲ ಓಡಿಸಿ, ನಿಲ್ಲಿಸಿ, ಓಡಿಸಿ, ನಿಲ್ಲಿಸಿ, ಬ್ರೇಕು ಹಿಡಿಯುತ್ತದೆಂದು ಖಾತ್ರಿ ಮಾಡಿ ಕೊಟ್ಟ. ಇಷ್ಟಾದರೂ ಬೆಳ್ಳಿ ಬಣ್ಣ ಮಾತ್ರ ಮಾಸಿರಲಿಲ್ಲ. ಬೆಕ್ಕುಗಳು ನೆಕ್ಕಿದ್ದರಿಂದ ಇನ್ನೂ ಮಿರುಗುತ್ತಿತ್ತು.

ವಿಮಾನ ನಿಲ್ದಾಣದ ಹೊರಗೆ ಯೂಡೀನ್ ಪೆಟ್ಟಿಗೆಯ ಮೇಲೆ ಕೂತು, ಹ್ಯಾಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಕಾರು ಬಂದು ನಿಂತಾಗ ಗಂಡನ ಮುಖ ನೋಡಲಿಲ್ಲ. ಚಕ್ರ ನೋಡಿದಳು. ಒಂದು ಸುತ್ತು ಬಂದು ನಾಲ್ಕನ್ನೂ ನೋಡಿದಳು.

"ಯಾರವಳು?" ಎಂದಳು.

"ಯಾರು ಅಂದ್ರೆ ಯಾರು?"

"ಮೂವತ್ತು ವರ್ಷದಲ್ಲಿ ನೀನು ಒಂದು ಚಮಚ ತೊಳೆದವನಲ್ಲ. ಈಗ ಮದುವೆ ಗಂಡಿನ ಕಾರಿನ ಥರ ಚಕ್ರಕ್ಕೆ ಬೆಳ್ಳಿ ಬಣ್ಣ! ಲೇಟಾಗಿ ಬೇರೆ ಬಂದಿದೀಯ. ಕಣ್ಣು ಕೆಂಪಾಗಿದೆ, ಕಾಲರಿನಲ್ಲಿ ಕಬ್ಬಿನ ಗರಿ. ಕಬ್ಬಿನ ಗದ್ದೇಲಿ ಯಾರ ಜೊತೆ ಇದ್ದೆ?"

"ಬೆಕ್ಕುಗಳ ಜೊತೆ ಕಣೇ!"

ಈ ಉತ್ತರದಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ದಾರಿಯಲ್ಲಿ ವರ್ನಲ್ ಇನ್ನು ಬೇರೆ ದಾರಿಯೇ ಇಲ್ಲವೆಂದು ಕಣ್ಣು ಮುಚ್ಚಿ ಸತ್ಯಕ್ಕೇ ಹಾರಿದ. "ನೋಡು, ನಿಜ ಹೇಳ್ಬಿಡ್ತೀನಿ. ನೀನು ಹೋದಾಗಿನಿಂದ ಕಾರು ತೆಗೆದೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಮಲಗಿದ್ದೆ. ಪೂರ್ತಿ ತುಕ್ಕು ಹಿಡಿದಿತ್ತು. ನೀನು ಬೈತೀಯ ಅಂತ ಬೆಳಿಗ್ಗೆಯಿಂದ ಉಜ್ಜಿದೀನಿ. ನಿಮ್ಮಮ್ಮನ ಮನೆಗೆ ಒಂದು ಸಲಾನೂ ಹೋಗಿಲ್ಲ. ಸುಳ್ಳು ಹೇಳಿದ್ದೆ. ತಪ್ಪಾಯ್ತು."

ಹೇಳಿ ಮುಗಿಸಿ, ಬೈಗುಳಕ್ಕೆ ಹೆಗಲು ಕುಗ್ಗಿಸಿ ಕಾದ. ಯೂಡೀನ್ ನಿಧಾನವಾಗಿ ಅವನ ಕಡೆ ತಿರುಗಿದಳು.

"ಎಷ್ಟು ಚೆನ್ನಾಗಿ ಸುಳ್ಳು ಕಟ್ತೀಯ! ಪ್ರತಿ ಭಾನುವಾರ ಅಮ್ಮಂಗೆ ಫೋನ್ ಮಾಡಿದೀನಿ. 'ವರ್ನಲ್ ಬಂದಿದ್ದ, ಕಾರಲ್ಲಿ ಬಂದ, ಹಾರುಮೀನು ತಂದ, ಊಟ ಮಾಡಿ ಕಿಟಕಿ ಒರೆಸಿಕೊಟ್ಟು ಹೋದ' ಅಂತ ಅವಳೇ ಹೇಳಿದಾಳೆ. ಓಡೋ ಕಾರಿನ ಬ್ರೇಕು ಹೇಗೆ ತುಕ್ಕು ಹಿಡಿಯತ್ತೆ? ನಾನು ಫಿಟ್ಟರನ ಮಗಳು. ಅವಳನ್ನ ಮುಚ್ಚಿಡೋಕೆ ನಮ್ಮಮ್ಮನ್ನ ಸುಳ್ಳಿ ಮಾಡ್ತೀಯಾ? ತಿರುಗ್ಸು ಕಾರು ಬೆಲ್ಲೆಪ್ಲೇನಿಗೆ!"

ವರ್ನಲ್ ಬಾಯಿ ತೆರೆದುಕೊಂಡೇ ಬೆಲ್ಲೆಪ್ಲೇನಿನ ತನಕ ಕಾರು ಓಡಿಸಿದ.

ಮಿಸೆಸ್ ಟ್ರಾಟ್‌ಮನ್ ಬಾಗಿಲಲ್ಲೇ ನಿಂತಿದ್ದಳು. ಮಗಳು ತುಕ್ಕು, ಉಜ್ಜಿದ್ದು ಎಂಬ ಗಂಡನ ಕಥೆಯನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿ ಕೇಳಿದಳು: "ಅಮ್ಮ, ಇವನು ಭಾನುವಾರ ಬರ್ತಿದ್ನೋ ಇಲ್ವೋ?"

ವರ್ನಲ್ ಎರಡೂ ಕೈ ಜೋಡಿಸಿ, ಸುಲಿದ ಅಂಗೈ ತೋರಿಸಿ, ಕೆಂಪು ಕಣ್ಣಿನಿಂದ ಅತ್ತೆಯನ್ನು ಬೇಡಿಕೊಂಡ. ಅತ್ತೆ ಅವನ ಕಣ್ಣಲ್ಲಿ ಕಣ್ಣಿಟ್ಟು, ಒಂದು ಎವೆಯೂ ಅಲ್ಲಾಡಿಸದೆ ಹೇಳಿದಳು: "ಬರದೆ ಏನು? ಒಂದು ವಾರಾನೂ ತಪ್ಪಿಸಲಿಲ್ಲ."

"ಕೇಳಿದ್ಯಾ?" ಎಂದಳು ಯೂಡೀನ್. "ಹಾಗಿದ್ರೆ ಇವತ್ತಿಂದ ಕಾರು ನನ್ನದು. ಭಾನುವಾರ ನಾನೇ ನಿನ್ನ ಇಲ್ಲಿ ತಂದು ಬಿಡ್ತೀನಿ, ಸಂಜೆ ಬಂದು ಕರ್ಕೊಂಡು ಹೋಗ್ತೀನಿ. ಅಮ್ಮ, ಇವನನ್ನ ಕಣ್ಣೆದುರೇ ಕೂರಿಸ್ಕೋ. ಒಂದು ನಿಮಿಷ ಹೊರಗೆ ಬಿಡ್ಬೇಡ. ನೀನೂ ಎಲ್ಲೂ ಹೋಗ್ಬೇಡ."

ಮಿಸೆಸ್ ಟ್ರಾಟ್‌ಮನ್‌ಳ ಮುಖ ಗಾಳಿ ಹೋದ ಟೈರಿನಂತೆ ಇಳಿಯಿತು.

ಯೂಡೀನ್ ಮುಖ ತೊಳೆಯಲು ಹೋದದ್ದೇ ತಡ, ಅತ್ತೆ ಅಳಿಯನನ್ನು ಅಡುಗೆಮನೆಗೆ ಎಳೆದಳು.

"ಯಾಕೆ ಹೀಗೆ ಮಾಡಿದ್ರಿ? ನಾನು ಬಂದೇ ಇಲ್ವಲ್ಲ!" ಎಂದ ವರ್ನಲ್.

"ನೀನು ಬಂದಿಲ್ಲ ಅಂತ ನಂಗೇನು ಗೊತ್ತು? ನಾನು ಮನೇಲಿದ್ರೆ ತಾನೆ!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು ಮಿಸೆಸ್ ಟ್ರಾಟ್‌ಮನ್. "ಭಾನುವಾರ ಭಾನುವಾರ ಪಕ್ಕದ ಬೀದಿಯ ಮಿಸ್ಟರ್ ಕಂಬರ್‌ಬ್ಯಾಚ್ ಜೊತೆ ವಿಹಾರದ ಬಸ್ಸಲ್ಲಿ ಹೋಗಿ, ಕಡಲ ದಂಡೇಲಿ ಕುಣಿದು ಬರ್ತಿದ್ದೆ. ಕಾಲಿನ ಹೋದ ಕಸುವು ವಾಪಸ್ ಬಂದಿತ್ತು ನಂಗೆ! ನೀನು ಬಂದು ಬೀಗ ನೋಡಿ ಹೋಗಿರ್ತೀಯ ಅಂದ್ಕೊಂಡು, ಮಗಳಿಗೆ ಅನುಮಾನ ಬರದೇ ಇರ್ಲಿ ಅಂತ ಫೋನಲ್ಲೇ ನಿನ್ನ ಕೈಲಿ ಕಿಟಕೀನೂ ಒರೆಸಿಸ್ದೆ. ಈಗ ಪ್ರತಿ ಭಾನುವಾರ ನಿನ್ನ ಮುಖ ನೋಡ್ತಾ ಕೂತ್ಕೋಬೇಕು."

ಅವಳು ಒಂದು ಬಟ್ಟೆಯನ್ನು ಅವನ ಕೈಗೆ ತುರುಕಿ, ಕಿಟಕಿಯ ಕಡೆ ಬೆರಳು ತೋರಿಸಿದಳು.

"ತುಕ್ಕು ಹಿಡಿದ ಕಾರನ್ನ ಹಾಗೇ ಬಿಟ್ಟು, ಸೋಮಾರಿ ಅಂತ ಒಂದು ಬೈಗುಳ ತಿಂದು ಸುಮ್ನಿರೋದು ಬಿಟ್ಟು... ಒರೆಸು, ಒರೆಸು! ಉಜ್ಜೋದ್ರಲ್ಲಿ ಭಾರೀ ಹುಷಾರಿದೀಯಂತಲ್ಲ!"