ಜೀಪಿಗೆ ಎದೆಯೋ, ಉಸಿರೋ?

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಜೊತೆ ಮಾತಾಡಿದರೂ ಐದೇ ನಿಮಿಷದಲ್ಲಿ ಅವರ ದನಿ ನನ್ನ ಗಂಟಲಿಗೆ ಇಳಿದುಬಿಡುತ್ತದೆ. ಮಸ್ಕಿ ಬಸ್ಸಿನ ಕಂಡಕ್ಟರು, ಮೂಗಿನಲ್ಲೇ ಭಾಷಣ ಮಾಡುವ ಪಂಚಾಯಿತಿ ಸದಸ್ಯರು, ಫೋನಿಲ್ಲದೆಯೂ ಮುಂದಿನ ಊರಿಗೆ ಕೇಳುವಂತೆ ಫೋನಿನಲ್ಲಿ ಕೂಗುವ ಸೋದರಮಾವ, ಯಾರನ್ನೂ ಬಿಟ್ಟವನಲ್ಲ. ಸಾವಿನ ಮನೆಗೆ ಹೋಗುವಾಗ ಅವ್ವ ನನ್ನ ಬಾಯಿಗೆ ಎಲೆಯಡಿಕೆ ತುರುಕಿಯೇ ಕರೆದೊಯ್ಯುತ್ತಾಳೆ, ಅಳುವವರನ್ನು ಅಣಕಿಸಿಯಾನೆಂದು. ಆದರೆ ನಾನು ಮೊಟ್ಟಮೊದಲು ಕಲಿತ ದನಿ ಮನುಷ್ಯರದಲ್ಲ, ನಮ್ಮ ಜೀಪಿನದು. ಅಪ್ಪ ಬಾಡಿಗೆಗೆ ಕೊಡುವ ಶಾಮಿಯಾನದ ಕಂಬ, ಬಟ್ಟೆ, ಕುರ್ಚಿಗಳನ್ನು ಹೊರುವ ಆ ಜೀಪು ನನಗಿಂತ ಹಿರಿಯದು. 'ಅವ್ವ' ಅನ್ನುವ ಮೊದಲೇ ನಾನು 'ಡುರ್‌ರ್' ಅಂದೆನಂತೆ. ಅವ್ವನಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಆರು ತಿಂಗಳ ಹಿಂದೆ ಅಪ್ಪನ ಮೊಣಕಾಲು ಕೈಕೊಟ್ಟಿತು, ಸ್ಟೇರಿಂಗು ನನ್ನ ಕೈಗೆ ಬಂತು. ಅಂದಿನಿಂದ ಜೀಪು ಗುಡ್ಡ ಹತ್ತುವುದನ್ನೇ ಬಿಟ್ಟಿತು. ಗುರುಗುಂಟಾದ ಕಡೆ ಗುಡ್ಡದ ಮೇಲಿರುವ ಹಳ್ಳಿಗೆ ಕಲ್ಲುದಾರಿ ಹಿಡಿದರೆ ಅರ್ಧದಲ್ಲೇ ಗಡಗಡ ನಡುಗಿ ನಿಂತುಬಿಡುತ್ತದೆ. ಹಾರ್ನಂತೂ ಎಂದೋ ಮೌನವ್ರತ ಹಿಡಿದಿತ್ತು. ಎರಡು ಸಲ ನಾನು ಕಂಬಗಳನ್ನು ತಲೆಯ ಮೇಲೆ ಹೊತ್ತು ಹತ್ತಿದ ಮೇಲೆ ಅಪ್ಪ ತೀರ್ಪು ಕೊಟ್ಟ:

"ಬರೋ ಶುಕ್ರವಾರ ಅಲ್ಲೊಬ್ಬ ಬಸುರಿಗೆ ಕುಬುಸದ ಕಾರ್ಯ ಐತಿ. ಅವತ್ತು ಇದು ಗುಡ್ಡ ಹತ್ತಲಿಲ್ಲಂದ್ರ ಶನಿವಾರ ಗುಜರಿ ಅಂಗಡಿ ಹತ್ತತೈತಿ. ಅದರ ಜತಿಗೆ ನಿನ್ನೂ ತೂಕಕ್ಕ ಹಾಕಿ ಬರ್ತೀನಿ!"

ಜೀಪನ್ನು ಸಿಂಧನೂರಿನವರೆಗೆ ಒಯ್ದು ಡೀಸೆಲ್ ಯಾಕೆ ದಂಡ ಮಾಡಬೇಕೆಂದು ನಾನೊಬ್ಬನೇ ಬಸ್ಸಿನಲ್ಲಿ ಹೋದೆ. ದನಿ ನನ್ನ ಹತ್ತಿರವೇ ಇದೆಯಲ್ಲ! ಮೌಲಾಸಾಬ್ ಚಾಚಾನ ಗ್ಯಾರೇಜಿನಲ್ಲಿ ನಿಂತು, ಜೀಪು ಗುಡ್ಡ ಹತ್ತುವುದನ್ನು ಬುಡದಿಂದ ಹಿಡಿದು ಕೊನೆಯುಸಿರಿನವರೆಗೆ ಬಾಯಲ್ಲೇ ಒಪ್ಪಿಸಿದೆ. ಟ್ರ್ಯಾಕ್ಟರ್ ರಿಪೇರಿಗೆ ಬಂದವರೆಲ್ಲ ಸುತ್ತ ನೆರೆದರು. ಕಣ್ಣು ಮುಚ್ಚಿ ಕೇಳುತ್ತಿದ್ದ ಚಾಚಾ ಪಾನಾ ಕೆಳಗಿಟ್ಟ.

"ಎಂಜಿನ್ ಖತಂ ಆಗೈತಿ ಬೇಟಾ. ಅದನ್ನ ತಗದು ಬ್ಯಾರೆ ಗಾಡಿದು ಕುಂದ್ರಸೂಣು. ಎದಿನ ಬದಲ್ ಮಾಡಬೇಕು."

ಇನ್ನೊಬ್ಬರನ್ನೂ ಕೇಳಿಬಿಡೋಣವೆಂದು ಅಲ್ಲಿಂದ ಧೂಳು ಕುಡಿಯುತ್ತ ಲಿಂಗಸುಗೂರು ಮುಟ್ಟುವಷ್ಟರಲ್ಲಿ ನನಗೆ ಕೆಮ್ಮು ಹತ್ತಿತು. ಅಲ್ಲಿ ನನ್ನ ಗೆಳೆಯ ಶರಣು ಇದ್ದಾನೆ, ಮೊಬೈಲಿನಲ್ಲಿ ಪರದೇಶದ ಜೀಪುಗಳನ್ನು ನೋಡಿ ನೋಡಿಯೇ ಮೆಕ್ಯಾನಿಕ್ ಆದವನು. ಅವನೆದುರು ನನ್ನ ಬಾಯಿಯ ಜೀಪು ನಡುನಡುವೆ ಖೊಕ್ ಖೊಕ್ ಎಂದಿತು.

"ಎಂಜಿನ್ ಗಟ್ಟಿ ಐತಲೇ, ಉಸಿರು ಸಾಲವಲ್ತು. ಸೂಪರ್‌ಚಾರ್ಜರ್ ಹಾಕೂಣು. ಕಮ್ಮಾರನ ತಿದಿ ಇರತೈತಲ್ಲ, ಹಂಗ ಎಂಜಿನ್ನಿಗೆ ಗಾಳಿ ಒತ್ತಿ ತುಂಬತೈತಿ. ಗುಡ್ಡ ಏನು, ಮುಗಲಿಗೇ ಹತ್ತತೈತಿ!"

"ದನಿ ಹೆಂಗಿರತೈತಿ?" ಎಂದೆ. ನಾನು ಕೇಳಿದ್ದು ಅದೊಂದೇ.

"ಸಿಳ್ಳಿ ಹೊಡದಂಗ."

ನನ್ನ ಸಂಕಟ ಶುರುವಾದದ್ದು ಅಲ್ಲಿ. ಎಂಜಿನ್ ಬದಲಿಸಿದರೆ ಜೀಪಿಗೆ ಯಾವುದೋ ಪರಗಾಡಿಯ ದನಿ ಬರುತ್ತದೆ, ಹುಟ್ಟಿದಾಗಿನಿಂದ ಮಾಡಿದ ನನ್ನ ಸಾಧನೆ ಮಣ್ಣುಪಾಲು. ಸೂಪರ್‌ಚಾರ್ಜರ್ ಹಾಕಿಸಿದರೆ ಸಿಳ್ಳೆ. ನನ್ನ ಮುಂದಿನ ಹಲ್ಲಿನ ಸಂದಿಯಿಂದ ಸಿಳ್ಳೆಯ ಹೆಸರಿನಲ್ಲಿ ಬರುವುದು ಬರೀ ಗಾಳಿ ಮತ್ತು ಉಗುಳು. ಎಂಜಿನ್ನನ್ನು ಹಲ್ಲು ನೋಡಿಕೊಂಡು ಆರಿಸಿದವರು ಬೇರೆ ಯಾರಾದರೂ ಇದ್ದಾರೋ ನಾನರಿಯೆ. ಹೀಗೆ ಎದೆಯೋ ಉಸಿರೋ ಎಂದು ತೂಗುತ್ತ ಕೂತಿರುವಾಗಲೇ ಶುಕ್ರವಾರ ಬಂದು ಬಾಗಿಲಲ್ಲಿ ನಿಂತಿತು.

ಇದ್ದ ಎಂಜಿನ್ನಿನಲ್ಲೇ ಹೊರಟೆ. ಕುರ್ಚಿ ಎಣಿಸಿ ಕೊಡಲು ತಂಗಿ ಗಿರಿಜಾ ಪಕ್ಕದಲ್ಲಿ ಕೂತಿದ್ದಳು. ಅರ್ಧ ಗುಡ್ಡಕ್ಕೆ ಜೀಪು ನಡುಗತೊಡಗಿತು. ಅವಳು ಒಮ್ಮೆಲೇ ಚೀರಿದಳು:

"ಅಣ್ಣಾ, ಬಾಯಿ ಮುಚ್ಚು!"

"ನಾ ಏನ್ ಮಾತಾಡೀನಿ?"

"ಮಾತಲ್ಲೋ, ಡುರ್‌ರ್ ಅನ್ನಾಕತ್ತೀದಿ! ಗಾಡಿ ಇನ್ನ ಎರಡನೇ ಗೇರಿನ್ಯಾಗ ತೇಕಾಕತ್ತೈತಿ, ನಿನ್ನ ಬಾಯಿ ಆಗಲೇ ಮೂರನೇದಕ್ಕ ಹೋಗೈತಿ. ನೀ ಗಾಡಿ ಕೇಳಿ ಗೇರ್ ಹಾಕವಲ್ಲಿ, ನಿನ್ನ ಬಾಯಿ ಕೇಳಿ ಹಾಕಾಕತ್ತೀದಿ!"

ಜೀಪು ನಿಂತಿತು. ನಾನೂ ಒಳಗೊಳಗೇ ನಿಂತೆ. ಅವಳ ಮಾತು ನಿಜ. ಜೀಪಿನಲ್ಲಿ ಕೂತರೆ ನನ್ನ ಬಾಯಿ ತಾನಾಗಿಯೇ ಚಾಲೂ ಆಗುತ್ತದೆ. ಅದಕ್ಕೆ ಕಂಬಗಳ ಭಾರವಿಲ್ಲ, ಕಲ್ಲುದಾರಿಯ ಗೊಡವೆಯಿಲ್ಲ, ಸರಾಗವಾಗಿ ಏರುತ್ತದೆ. ನನ್ನ ಪೆದ್ದು ಕೈ ಅದನ್ನೇ ನಂಬಿ ಗೇರು ಬದಲಿಸುತ್ತದೆ. ಎರಡು ಊರಿನ ಮೆಕ್ಯಾನಿಕ್ಕರು ಪರೀಕ್ಷಿಸಿದ್ದು ನನ್ನ ಗಂಟಲನ್ನು!

ಗಿರಿಜಾ ತನ್ನ ದುಪಟ್ಟಾದಿಂದ ನನ್ನ ಬಾಯಿ ಕಟ್ಟಿದಳು. ಮತ್ತೆ ಹೊರಟೆ. ನಾಲ್ಕು ಮಾರು ಹೋಗುವಷ್ಟರಲ್ಲಿ ಡುರ್‌ರ್ ಮೂಗಿನಿಂದ ಹೊರಟಿತು. ಜೀಪು ಮತ್ತೆ ನಿಂತಿತು.

"ಇಳಿ ಕೆಳಗ," ಎಂದಳು ಗಿರಿಜಾ.

ಅಪ್ಪನ ಪಕ್ಕ ಕೂತು ಓಡಿಸುವುದನ್ನು ಕಲಿತವಳು ತುಟಿ ಪಿಟಕ್ಕೆನ್ನದೆ ಮೊದಲ ಗೇರಿನಲ್ಲೇ ಹೊರಟು, ಕಂಬ, ಕುರ್ಚಿ, ಬಾಯಿ ಕಟ್ಟಿಸಿಕೊಂಡ ಅಣ್ಣ, ಎಲ್ಲವನ್ನೂ ಗುಡ್ಡ ಹತ್ತಿಸಿದಳು. ಎದೆಯೂ ಬದಲಾಗಲಿಲ್ಲ, ಉಸಿರೂ ತುಂಬಲಿಲ್ಲ, ಬದಲಾದದ್ದು ಡ್ರೈವರು. ಅಪ್ಪ ಗುಜರಿಯ ಮಾತು ಬಿಟ್ಟಿದ್ದಾನೆ, ಜೀಪಿನ ಮಟ್ಟಿಗೆ.

ಈಗ ಗಿರಿಜಾ ಓಡಿಸುತ್ತಾಳೆ. ನಾನು ಪಕ್ಕದಲ್ಲಿ ಕೂತು ತಿರುವು ಬಂದಾಗಲೆಲ್ಲ ತಲೆ ಹೊರಗೆ ಹಾಕಿ 'ಪೋಂ ಪೋಂ' ಎನ್ನುತ್ತೇನೆ. ನಿನ್ನೆ ಅಪ್ಪ ಹೊಸ ಹಾರ್ನ್ ತರುವ ಮಾತೆತ್ತಿದ. ಆಗಿನಿಂದ ನಾನು ಊಟ ಬಿಟ್ಟು ಕೂತಿದ್ದೇನೆ.