ಮಾಟಗಾತಿಯ ಜಾಡಿ

‘ಟುಡುಂಯ್ ಟುಡುಂಯ್ ಟುಂಯ್!’

ಈ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಟೀವಿಯೊಳಗಿನ ರಾಜಕುಮಾರನಿಗೆ ಏನಾದರೂ ಸಾಮಾನು ಸಿಕ್ಕಿದಾಗ ಬರುತ್ತಿದ್ದ ಸದ್ದು. ನನ್ನ ವಯಸ್ಸಿನ ಹೆಂಗಸರಿಗೆ ಹಳೆಯ ಸದ್ದೆಂದರೆ ಒರಳುಕಲ್ಲೋ, ಕಾನ್ವೆಂಟಿನ ಪಿಯಾನೋವೋ ನೆನಪಾಗಬೇಕು. ನನಗೆ ವಿಡಿಯೋ ಗೇಮ್ ನೆನಪಾಗುತ್ತದೆ. ಹೇಳಿಕೊಳ್ಳಲು ಸ್ವಲ್ಪ ಎಂಬರಾಸಿಂಗ್. ಆದರೆ ಮರ್ಯಾದೆ ಹೋದರೂ ಪರವಾಗಿಲ್ಲ ಎನಿಸುವುದಕ್ಕೆ ಒಂದು ವಯಸ್ಸು ಆಗಬೇಕಲ್ಲ, ನನಗೆ ಆಗಿದೆ.

ಆ ಗೇಮ್ ನನ್ನ ಮಗಳದು. ಮನೆ ಬದಲಾಯಿಸಿದಾಗಲೆಲ್ಲ ಬೇಡದ ಸಾಮಾನನ್ನು ಯಲಹಂಕ ನ್ಯೂಟೌನಿನ ನಮ್ಮ ಮನೆಯಲ್ಲಿ ತಂದು ಸುರಿಯುವುದು ಅವಳ ಪದ್ಧತಿ. ಅದೇ ಸಮಯಕ್ಕೆ ಡಾಕ್ಟರು ನನ್ನ ಹೆಬ್ಬೆರಳುಗಳನ್ನು ಹಿಸುಕಿ ನೋಡಿ, ‘ಇವಕ್ಕೆ ಎಕ್ಸರ್‌ಸೈಜ್ ಬೇಕು ಮೇಡಂ’ ಎಂದಿದ್ದರು. ಪಕ್ಕದ ಮನೆಯ ಖೈರುನ್ನಿಸಾ ಅವರ ಹೆಬ್ಬೆರಳುಗಳು ಚೆನ್ನಾಗಿಯೇ ಇದ್ದವು. ಆದರೂ ಕಂಪನಿ ಕೊಡಲು ಬಂದರು. ಒಂದೇ ರಿಮೋಟು. ಎಡತುದಿ ಅವರ ಕೈಯಲ್ಲಿ, ಬಲತುದಿ ನನ್ನ ಕೈಯಲ್ಲಿ. ಅವರು ನಡೆಸಬೇಕು, ನಾನು ಕತ್ತಿ ಬೀಸಬೇಕು. ಶುರುವಿನಲ್ಲೇ ಗೇಮು ನಾಯಕನ ಹೆಸರು ಕೇಳಿತು. ಎರಡೂ ಮನೆಗೆ ಒಗ್ಗಲಿ ಎಂದು ಬಾಬು ಎಂದಿಟ್ಟೆವು.

ಕಥೆ ಬಹಳ ಸಿಂಪಲ್. ಒಬ್ಬ ಮಂತ್ರವಾದಿ ರಾಜಕುಮಾರಿಯನ್ನು ಗೋಪುರದಲ್ಲಿ ಕೂಡಿಹಾಕಿದ್ದಾನೆ. ಬಾಗಿಲಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಕೂತಿದೆ. ಮೊಸಳೆಗಳಿರುವ ಕೆಸರಿನಾಚೆ ಒಬ್ಬ ಮುದುಕಿ ಮಾಟಗಾತಿ ಇದ್ದಾಳೆ. ಅವಳು ಒಂದು ಜಾಡಿ ಹಸಿರು ಕಷಾಯ ಕೊಡುತ್ತಾಳೆ. ಅದನ್ನು ಗೋಪುರದ ಮುಂದೆ ಕುಡಿದರೆ ಸ್ವಲ್ಪ ಹೊತ್ತು ಬೆಂಕಿ ತಾಗುವುದಿಲ್ಲ. ಅಷ್ಟರಲ್ಲಿ ಒಳಗೆ ನುಗ್ಗಿ ಹುಡುಗಿಯನ್ನು ಬಿಡಿಸಿದರೆ ಮದುವೆ. ಖೈರುನ್ನಿಸಾ ಅವರಿಗೆ ಆ ಮದುವೆ ನೋಡಲೇಬೇಕಿತ್ತು. ಅವರು ಮನೆ ಮಾರಿ ಗೊರಗುಂಟೆಪಾಳ್ಯದ ಮಗಳ ಫ್ಲ್ಯಾಟಿಗೆ ಹೋಗುವುದು ನಿಶ್ಚಯವಾಗಿತ್ತು. ‘ಅಕ್ಕಾ, ನಾನು ಹೋಗೋದ್ರೊಳಗೆ ಬಾಬುದು ನಿಕಾ ಆಗ್ಬೇಕು, ನೋಡಿ’ ಎಂದು ದಿನವೂ ಹೇಳುತ್ತಿದ್ದರು.

ವಾರಗಟ್ಟಲೆ ಮೊಸಳೆಯ ಬಾಯಿಗೆ ಬಿದ್ದು, ಕೊನೆಗೆ ಕಷಾಯ ಗಿಟ್ಟಿಸಿ, ಗೋಪುರದ ಮುಂದೆ ನಿಂತೆವು. ಬಾಬು ಗಟಗಟ ಕುಡಿದ. ನಾನು ಕತ್ತಿ ಎತ್ತಿದೆ. ಖೈರುನ್ನಿಸಾ ಹೆಬ್ಬೆರಳು ತೆಗೆದುಬಿಟ್ಟರು.

‘ಏನ್ ಮಾಡ್ತಿದೀರಾ, ಖೈರೂನ್? ನಡೆಸ್ರೀ!’

‘ಕೈಯಲ್ಲಿ ಖಾಲಿ ಜಾಡಿ ಹಿಡ್ಕೊಂಡಿದಾನಲ್ಲ ಅಕ್ಕಾ. ಹಿಂಗೇ ಹೋಗ್ತಾನಾ ಹುಡುಗಿ ಮನೆಗೆ? ಪಾಪ, ಆ ಮುದುಕಮ್ಮನ ಪಾತ್ರೆ. ಮೊದ್ಲು ವಾಪಸ್ ಕೊಟ್ಟು ಬರ್ಲಿ.’

ನೀವು ನಗಬಹುದು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಖೈರುನ್ನಿಸಾ ಅವರ ಒಂದು ಸ್ಟೀಲ್ ಡಬ್ಬಿ ವರ್ಷಾನುಗಟ್ಟಲೆ ನಮ್ಮಿಬ್ಬರ ಕಾಂಪೌಂಡಿನ ಮೇಲೆ ಓಡಾಡಿದೆ. ಬರುವಾಗ ಶೀರ್ ಖುರ್ಮಾ, ಹೋಗುವಾಗ ಕೋಡುಬಳೆ. ಖಾಲಿ ಡಬ್ಬಿ ವಾಪಸ್ ಕೊಟ್ಟ ಚರಿತ್ರೆ ಎರಡೂ ಮನೆಯಲ್ಲಿಲ್ಲ. ಕಾನ್ವೆಂಟಿನಲ್ಲಂತೂ ಥ್ಯಾಂಕ್ ಯೂ ಹೇಳದೆ ತಿಂದವರನ್ನು ಸಿಸ್ಟರುಗಳು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನನ್ನ ಇಷ್ಟೆಲ್ಲ ಮ್ಯಾನರ್ಸ್ ಒಂದು ಡ್ರ್ಯಾಗನ್ನಿನ ಮುಂದೆ ಮರೆತೇ ಹೋಗಿತ್ತು.

ಸರಿ, ಕಾಡಿನಲ್ಲಿ ಸೇಬು ಕಿತ್ತು ಜಾಡಿ ತುಂಬಿದೆವು. ಮತ್ತೆ ಕೆಸರು, ಮತ್ತೆ ಮೊಸಳೆ. ಗುಡಿಸಲು ಮುಟ್ಟಿ ಜಾಡಿಯನ್ನು ಮಾಟಗಾತಿಗೆ ಕೊಟ್ಟೆವು. ಅವಳು ಸೇಬು ತೆಗೆದಿಟ್ಟುಕೊಂಡಳು. ಜಾಡಿಗೆ ಮತ್ತೆ ಕಷಾಯ ತುಂಬಿ ಬಾಬುವಿನ ಕೈಗೇ ಕೊಟ್ಟಳು. ಟುಡುಂಯ್ ಟುಡುಂಯ್ ಟುಂಯ್!

‘ನೋಡಿದ್ರಾ, ಎಷ್ಟು ಒಳ್ಳೇ ಮನೆತನ!’ ಎಂದರು ಖೈರುನ್ನಿಸಾ.

ಒಳ್ಳೆಯ ಮನೆತನದಿಂದ ಆಗುವ ತೊಂದರೆ ಕೆಟ್ಟವರಿಂದಲೂ ಆಗುವುದಿಲ್ಲ. ಗೋಪುರಕ್ಕೆ ಹೋಗಿ ಕುಡಿದರೆ ಜಾಡಿ ಖಾಲಿ. ಖಾಲಿಯಾದರೆ ವಾಪಸ್ ಕೊಡಬೇಕು. ಕೊಟ್ಟರೆ ಆ ಪುಣ್ಯಾತ್ಗಿತ್ತಿ ತುಂಬಿಸಿಯೇ ಕಳಿಸುತ್ತಾಳೆ. ಸೇಬು ಪದೇಪದೇ ಕೊಟ್ಟರೆ ಚೆನ್ನಾಗಿರುವುದಿಲ್ಲವೆಂದು ಒಮ್ಮೆ ಅಣಬೆ, ಒಮ್ಮೆ ಜೇನು ಒಯ್ದೆವು. ಗೋಪುರದ ಕಿಟಕಿಯಲ್ಲಿ ರಾಜಕುಮಾರಿ ‘ಹೆಲ್ಪ್ ಮೀ! ಹೆಲ್ಪ್ ಮೀ!’ ಎನ್ನುತ್ತಲೇ ಇದ್ದಳು. ‘ಬರ್ತಾನಮ್ಮಾ, ಸ್ವಲ್ಪ ತಡ್ಕೋ. ಕೊಡೋದು ತಗೊಳ್ಳೋದು ನಡೀತಿದೆ’ ಎಂದು ಖೈರುನ್ನಿಸಾ ಸಮಾಧಾನ ಹೇಳುತ್ತಿದ್ದರು.

ಮಗಳು ಫೋನಿನಲ್ಲಿ ತಲೆ ಚಚ್ಚಿಕೊಂಡಳು. ‘ಮಮ್ಮಿ, ಅವಳು ಮಾಟಗಾತಿ! ಅದೊಂದು ಪ್ರೋಗ್ರಾಮ್! ಜಾಡಿ ಕೆಳಗೆ ಬಿಸಾಕಿ ಒಳಗೆ ಹೋಗೋದು ತಾನೆ?’

‘ಇನ್ನೊಬ್ಬರ ಪಾತ್ರೆ ರೋಡಲ್ಲಿ ಬಿಸಾಕೋದಾ? ನಿನ್ನ ಹೀಗಾ ಬೆಳೆಸಿದ್ದು ನಾನು?’

ಹಾಗೆ ಖೈರುನ್ನಿಸಾ ಹೊರಡುವ ಮಧ್ಯಾಹ್ನ ಬಂದೇಬಿಟ್ಟಿತು. ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದಾನೆ, ಒಳಗೆ ಬಾಬು ತುಂಬಿದ ಜಾಡಿ ಹಿಡಿದು ಡ್ರ್ಯಾಗನ್ನಿನ ಮುಂದೆ ನಿಂತಿದ್ದಾನೆ. ‘ಈ ಒಂದ್ಸಲ ನುಗ್ಗಿಬಿಡೋಣ, ಖೈರೂನ್’ ಎಂದೆ. ಅವರು ಒಂದು ಗಳಿಗೆ ಯೋಚಿಸಿದರು. ‘ಬೇಡ ಅಕ್ಕಾ. ಮದುವೆ ಆದ್ಮೇಲೆ ಇವನೆಲ್ಲಿ ವಾಪಸ್ ಕೊಡ್ತಾನೆ? ಇರ್ಲಿ, ನಾನು ಬಂದಾಗ ಮಾಡ್ಸೋಣ. ನೀವು ಒಬ್ರೇ ಮಾಡ್ಬಿಡ್ಬೇಡಿ ಮತ್ತೆ.’

ಮಾಡಿಲ್ಲ. ಬಾಬು ಅಲ್ಲೇ ನಿಂತಿದ್ದಾನೆ. ಖೈರುನ್ನಿಸಾ ಅವರ ಡಬ್ಬಿಯೂ ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ತೊಳೆದಿಟ್ಟ ಹಾಗೇ ಇದೆ. ಯಾರದಾದರೂ ಕೈಲಿ ಕಳಿಸು ಎನ್ನುತ್ತಾಳೆ ಮಗಳು. ಡಬ್ಬಿಯನ್ನು ಹಾಗೆಲ್ಲ ಕಳಿಸುವುದಿಲ್ಲ, ನಾವೇ ಹೋಗಿ ಕೊಡಬೇಕು. ಕೋಡುಬಳೆಯನ್ನೂ ಎರಡು ಸಲ ಕರಿದೆ. ಎರಡು ಸಲವೂ ಗೊರಗುಂಟೆಪಾಳ್ಯದ ಜಂಕ್ಷನ್ನನ್ನು ನೆನೆದು, ನಾನೇ ತಿಂದೆ. ಆ ಟ್ರಾಫಿಕ್ಕಿನ ಮುಂದೆ ಮೊಸಳೆಗಳು ನಥಿಂಗ್. ಬಾಬುವಿಗಾದರೆ ಸತ್ತ ಮೇಲೂ ಇನ್ನೊಂದು ಚಾನ್ಸ್ ಇತ್ತು. ಅಲ್ಲದೆ, ಹೋಗಿ ಕೊಟ್ಟ ಮೇಲೆ ಅವರು ಅಕಸ್ಮಾತ್ ತುಂಬಿಸಿ ಕೊಡುವುದನ್ನು ಮರೆತರೆ?

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅವತ್ತು, ಗೇಟಿನ ಹತ್ತಿರ. ಟೆಂಪೋದಲ್ಲಿ ಡ್ರೈವರನ ಪಕ್ಕ ಹತ್ತಿ ಕೂತು, ಕಿಟಕಿಯಿಂದಲೇ ಆ ಡಬ್ಬಿಯನ್ನು ನನ್ನ ಕೈಗಿಟ್ಟರು. ಬಿಸಿಬಿಸಿ ಶೀರ್ ಖುರ್ಮಾ, ಅಂಚಿನವರೆಗೆ. ಗಾಡಿ ಹೊರಟಿತು. ತಿರುವಿನಲ್ಲಿ ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ, ಹೆಬ್ಬೆರಳನ್ನು ಗಾಳಿಯಲ್ಲಿ ಒತ್ತಿ ಒತ್ತಿ ತೋರಿಸುತ್ತಿದ್ದರು, ಬಾಬುವನ್ನು ನಡೆಸುವ ಹಾಗೆ. ನಾನೂ ನನ್ನ ಕಡೆಯ ಕತ್ತಿ ಬೀಸಬೇಕಿತ್ತು. ಎಲ್ಲಿ ಬೀಸಲಿ? ಚೆಲ್ಲಿಬಿಟ್ಟೇನೆಂದು ಎರಡೂ ಕೈಯಲ್ಲಿ ಡಬ್ಬಿ ಹಿಡಿದು ನಿಂತಿದ್ದೆ.